ಭಯವನ್ನು ಕಲಿಯುವ ಮಿದುಳು ಮತ್ತು ನಮ್ಮ ಸಾಂತ್ವನ

2018ರ ನವೆಂಬರ್ 24ರ ಶನಿವಾರವನ್ನು ಪಾಂಡವಪುರ ಸೀಮೆಯ ಜನ ಮರೆತಿಲ್ಲ. ಅಂದು ಮಧ್ಯಾಹ್ನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು. ಶನಿವಾರದ ಅರ್ಧ ದಿನದ ಪಾಠ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಆ ಮೂವತ್ತರಲ್ಲಿ ಸೇರಿದ್ದರು. ಈ ನಾಡಿನ ಗದ್ದೆಗಳಿಗೆ ಜೀವ ಕೊಡುವ ನೀರೇ ಅಂದು ಜೀವಗಳನ್ನು ತೆಗೆದುಕೊಂಡಿತು.

ದುರಂತದಲ್ಲಿ ಮಡಿದವರನ್ನು ನಾವು ಎಣಿಸುತ್ತೇವೆ. ಆದರೆ ಎಣಿಕೆಗೆ ಸಿಗದ ಇನ್ನೊಂದು ನಷ್ಟವಿದೆ. ದಡದಲ್ಲಿ ನಿಂತು ನೋಡಿದವರು, ನೀರಿಗಿಳಿದು ದೇಹಗಳನ್ನು ಮೇಲಕ್ಕೆತ್ತಿದವರು, ಮನೆಯ ಮಗುವನ್ನು ಗುರುತಿಸಲು ಹೋದ ತಂದೆತಾಯಿಗಳು, ಮರುದಿನದಿಂದ ಅದೇ ದಾರಿಯಲ್ಲಿ ಬಸ್ಸು ಹತ್ತಬೇಕಾದ ಮಕ್ಕಳು, ಇವರೆಲ್ಲರ ಒಳಗೆ ಉಳಿದುಹೋಗುವ ಭಯವೇ ಆ ನಷ್ಟ. ಇಂಥ ಭಯ ದೊಡ್ಡ ದುರಂತಗಳಿಗಷ್ಟೇ ಸೀಮಿತವಲ್ಲ. ಕೃಷ್ಣರಾಜಪೇಟೆಯ ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿ ಬದುಕುಳಿದ ಕೂಲಿಯಲ್ಲಿ, ನಾಗಮಂಗಲದ ಹೊಲದ ಬದುವಿನಲ್ಲಿ ಚಿರತೆಗೆ ಎದುರಾದ ಕುರಿಗಾಹಿಯಲ್ಲಿ, ಶ್ರೀರಂಗಪಟ್ಟಣದ ಹೆದ್ದಾರಿಯ ಅಪಘಾತದಲ್ಲಿ ಜೊತೆಗಾರನನ್ನು ಕಳೆದುಕೊಂಡ ಯುವಕನಲ್ಲಿ ಕೂಡ ಅದು ಮನೆ ಮಾಡಬಹುದು.

ಅಂಥವರಿಗೆ ನಮ್ಮ ಸಮಾಜ ಏನನ್ನು ಹೇಳುತ್ತದೆ? ಗಂಡಸಾದರೆ 'ಧೈರ್ಯ ತಂದುಕೋ' ಎನ್ನುತ್ತದೆ. ಹೆಂಗಸಾದರೆ 'ಗಾಳಿ ಸೋಕಿದೆ' ಎನ್ನುತ್ತದೆ. ಮಗುವಾದರೆ 'ಬೆಚ್ಚಿಬಿದ್ದಿದೆ' ಎಂದು ತಾಯಿತ ಕಟ್ಟಿಸುತ್ತದೆ. ಭಕ್ತರ ಮನೆಯಾದರೆ 'ಪೂಜೆಯಲ್ಲಿ ಮನಸ್ಸು ನಿಂತಿದ್ದರೆ ಹೀಗಾಗುತ್ತಿರಲಿಲ್ಲ' ಎಂಬ ಮಾತೂ ಕೇಳಿಬರುತ್ತದೆ. ಈ ನಾಲ್ಕೂ ಮಾತುಗಳು ತಪ್ಪು ಎಂಬುದು ಈ ಲೇಖನದ ಅಭಿಪ್ರಾಯ. ಭಯವು ಶೀಲದ ದೋಷವಲ್ಲ, ಭಕ್ತಿಯ ಕೊರತೆಯೂ ಅಲ್ಲ. ಅದು ಮಿದುಳು ಕಲಿತ ಒಂದು ಪಾಠ. ಆ ಪಾಠ ಹೇಗೆ ಬರೆಯಲ್ಪಡುತ್ತದೆ ಎಂಬುದನ್ನು ಅರಿತರೆ ನಮ್ಮ ಸಾಂತ್ವನದ ರೀತಿಯೂ ಅದರ ಕಾಲವೂ ಬದಲಾಗಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಬಾದಾಮಿಯಷ್ಟು ಜಾಗದಲ್ಲಿ

ಮಿದುಳಿನ ಎಡಬಲಗಳಲ್ಲಿ, ಕಪೋಲದ ಒಳಭಾಗದ ಆಳದಲ್ಲಿ, ಬಾದಾಮಿ ಬೀಜದ ಆಕಾರದ ಒಂದೊಂದು ನರಕೋಶಗಳ ಗುಂಪಿದೆ. ಅದರ ಹೆಸರು ಅಮಿಗ್ಡಲಾ. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಬಾದಾಮಿ ಎಂದೇ ಅರ್ಥ. ಅಪಾಯದ ಸುಳಿವನ್ನು ಗುರುತಿಸುವುದು, ದೇಹವನ್ನು ಅದಕ್ಕೆ ಸಜ್ಜುಗೊಳಿಸುವುದು ಮತ್ತು ಆ ಸುಳಿವನ್ನು ಮುಂದಿನ ಬಾರಿಗಾಗಿ ಕಲಿತಿಡುವುದು ಈ ಭಾಗದ ಮುಖ್ಯ ಕಾರ್ಯಗಳಲ್ಲಿ ಸೇರಿವೆ.

ಕಲಿಕೆಯ ಕ್ರಮ ಹೀಗಿದೆ. ಒಬ್ಬ ಬಾಲಕ ಬಸ್ಸಿನಲ್ಲಿ ಕುಳಿತಿದ್ದಾನೆ. ಬ್ರೇಕಿನ ಕಿರುಚು ಸದ್ದು ಕೇಳುತ್ತದೆ. ಮರುಗಳಿಗೆಯೇ ಪೆಟ್ಟು, ನೋವು, ಉಸಿರುಗಟ್ಟುವಿಕೆ. ಸದ್ದಿನ ಸುದ್ದಿ ಒಂದು ನರಮಾರ್ಗದಿಂದ, ನೋವಿನ ಸುದ್ದಿ ಇನ್ನೊಂದು ನರಮಾರ್ಗದಿಂದ ಅಮಿಗ್ಡಲಾದ ಪಾರ್ಶ್ವಭಾಗದಲ್ಲಿರುವ ನರಕೋಶಗಳನ್ನು ತಲುಪುತ್ತವೆ. ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ದಾಟುವ ಸೂಕ್ಷ್ಮ ಸಂಧಿಸ್ಥಾನವನ್ನು ಸಿನಾಪ್ಸ್ ಎನ್ನುತ್ತಾರೆ. ಅಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕವು ದೂತನಂತೆ ಹೊರಬಂದು ಎದುರಿನ ಕೋಶದ ಬಾಗಿಲುಗಳನ್ನು ತಟ್ಟುತ್ತದೆ.

ಆ ಬಾಗಿಲುಗಳಲ್ಲಿ ಎನ್‌ಎಂಡಿಎ ಗ್ರಾಹಕ ಎಂಬುದು ವಿಶೇಷವಾದುದು. ಅದು ಎರಡು ಕೀಲಿಕೈಗಳಿರುವ ಬೀಗದಂತೆ. ಗ್ಲುಟಮೇಟ್ ಬಂದು ತಟ್ಟಿದ ಮಾತ್ರಕ್ಕೆ ಅದು ತೆರೆಯುವುದಿಲ್ಲ; ಮೆಗ್ನೀಸಿಯಂ ಕಣವೊಂದು ಅದರ ಬಾಯಿಯನ್ನು ಮುಚ್ಚಿರುತ್ತದೆ. ಕೋಶವು ಅದೇ ಹೊತ್ತಿನಲ್ಲಿ ಬಲವಾಗಿ ಪ್ರಚೋದನೆಗೊಂಡಿದ್ದರೆ ಮಾತ್ರ ಆ ಕಣ ಸರಿಯುತ್ತದೆ. ಇಲ್ಲಿ ಆ ಬಲವಾದ ಪ್ರಚೋದನೆಯನ್ನು ತರುವುದು ನೋವು. ಸದ್ದು ಮತ್ತು ನೋವು ಕೂಡಿ ಬಂದಾಗ ಬೀಗ ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದರ ಪ್ರೇರಣೆಯಿಂದ ಕೋಶವು ಆ ಸಂಧಿಯಲ್ಲಿ ಇನ್ನಷ್ಟು ಗ್ರಾಹಕಗಳನ್ನು ನೆಡುತ್ತದೆ, ಹೊಸ ಪ್ರೋಟೀನುಗಳನ್ನು ತಯಾರಿಸುತ್ತದೆ, ಸಂಧಿಯನ್ನು ಗಟ್ಟಿಗೊಳಿಸುತ್ತದೆ.

ನಮ್ಮ ರೈತರಿಗೆ ಇದನ್ನು ಹೇಳುವುದು ಸುಲಭ. ಹೊಸದಾಗಿ ತೋಡಿದ ಕಾಲುವೆಯಲ್ಲಿ ಮೊದಲ ದಿನ ನೀರು ತಡವರಿಸುತ್ತ ಹರಿಯುತ್ತದೆ. ಒಮ್ಮೆ ಜೋರಾಗಿ ಹರಿದು ಪಾತಳಿ ಕೊರೆದುಕೊಂಡ ಮೇಲೆ, ತೂಬನ್ನು ತುಸುವೇ ಎತ್ತಿದರೂ ನೀರು ನೇರವಾಗಿ ಗದ್ದೆಗೆ ಓಡುತ್ತದೆ. ಭಯದ ಸಂಧಿಯೂ ಹಾಗೆಯೇ. ಮುಂದೆ ಎಂದಾದರೂ ಬ್ರೇಕಿನ ಸಣ್ಣ ಸದ್ದು ಕೇಳಿದರೆ ಸಾಕು, ನೋವಿಲ್ಲದಿದ್ದರೂ ಅಮಿಗ್ಡಲಾ ಪೂರ್ಣವಾಗಿ ಎಚ್ಚರಗೊಳ್ಳುತ್ತದೆ. ಅದರ ಕೇಂದ್ರಭಾಗದಿಂದ ಮಿದುಳಿನ ಕೆಳಸ್ತರಗಳಿಗೆ ಆಜ್ಞೆ ಹೋಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಕಾಲು ನೆಲಕ್ಕೆ ಅಂಟುತ್ತದೆ. ಬುದ್ಧಿಯು 'ಇದು ಬರೀ ಸದ್ದು' ಎಂದು ಹೇಳುವ ಮೊದಲೇ ಇದೆಲ್ಲ ನಡೆದುಹೋಗಿರುತ್ತದೆ. 'ಧೈರ್ಯ ತಂದುಕೋ' ಎಂಬ ಮಾತು ಬುದ್ಧಿಗೆ ಆಡುವ ಮಾತು. ಪಾಠ ಬರೆಯಲ್ಪಟ್ಟಿರುವುದು ಬೇರೆ ಜಾಗದಲ್ಲಿ.

ಭಯವಿಲ್ಲದಿರುವುದು ವರವೇ?

ಹಾಗಾದರೆ ಈ ಬಾದಾಮಿ ಇಲ್ಲದಿದ್ದರೆ ಒಳ್ಳೆಯದಿತ್ತಲ್ಲವೇ ಎಂದು ಯಾರಾದರೂ ಕೇಳಬಹುದು. ಅಪರೂಪದ ಕಾಯಿಲೆಯೊಂದರಿಂದ ಎರಡೂ ಬದಿಯ ಅಮಿಗ್ಡಲಾ ನಾಶವಾದ ಅಮೆರಿಕದ ಮಹಿಳೆಯೊಬ್ಬರನ್ನು ವಿಜ್ಞಾನಿಗಳು 1990ರ ದಶಕದಿಂದ ಅಧ್ಯಯನ ಮಾಡಿದ್ದಾರೆ. ಆಕೆಗೆ ಹಾವು, ಜೇಡಗಳ ಭಯವಿರಲಿಲ್ಲ. ಅವನ್ನು ಕುತೂಹಲದಿಂದ ಮುಟ್ಟಲು ಹೋಗುತ್ತಿದ್ದರು. ಎದುರಿನವರ ಮುಖದಲ್ಲಿರುವ ಭಯವನ್ನು ಗುರುತಿಸುವುದೂ ಅವರಿಗೆ ಕಷ್ಟವಾಗಿತ್ತು. ಅದರ ಫಲವೇನು? ಬೇರೆಯವರು ದೂರ ಉಳಿಯುವ ಅಪಾಯದ ಸನ್ನಿವೇಶಗಳಲ್ಲಿ ಆಕೆ ಮತ್ತೆ ಮತ್ತೆ ಸಿಕ್ಕಿಕೊಂಡರು.

ಆದ್ದರಿಂದ ಭಯವು ಶತ್ರುವಲ್ಲ. 2022ರ ನವೆಂಬರ್‌ನಲ್ಲಿ ಕೃಷ್ಣರಾಜಸಾಗರದ ಬೃಂದಾವನ ಉದ್ಯಾನದಲ್ಲಿ ಚಿರತೆ ಕಾಣಿಸಿಕೊಂಡು ಪ್ರವಾಸಿಗರ ಪ್ರವೇಶವನ್ನೇ ನಿಲ್ಲಿಸಬೇಕಾಯಿತು. ಕಬ್ಬಿನ ಗದ್ದೆಗಳು ಚಿರತೆಗೆ ಮರೆಯಾಗಿರುವ ಈ ನಾಲ್ಕು ತಾಲ್ಲೂಕುಗಳಲ್ಲಿ ಮುಸ್ಸಂಜೆಯಲ್ಲಿ ಒಬ್ಬರೇ ಗದ್ದೆಗೆ ಹೋಗಲು ಅಂಜುವುದು ವಿವೇಕವೇ ಹೊರತು ರೋಗವಲ್ಲ. ತಡೆಗೋಡೆಯಿಲ್ಲದ ನಾಲೆಯ ಏರಿಯ ಮೇಲೆ ವಾಹನ ನಡೆಸಲು ಹೆದರುವವನಿಗೆ ಚಿಕಿತ್ಸೆ ಬೇಕಿಲ್ಲ. ಅಲ್ಲಿ ಬೇಕಾದುದು ತಡೆಗೋಡೆ. ಜನರ ಭಯಕ್ಕೆ ಸಾಂತ್ವನ ಹೇಳುವವರು ಭಯದ ಕಾರಣವನ್ನು ನಿವಾರಿಸುವ ಹೊಣೆಯಿಂದ ನುಣುಚಿಕೊಳ್ಳಬಾರದು.

ತೊಂದರೆ ಆರಂಭವಾಗುವುದು ಪಾಠವು ತನ್ನ ಎಲ್ಲೆಯನ್ನು ಮೀರಿದಾಗ. ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟ್ಟರ್ಜಿಯವರ ತಂಡ ಇಲಿಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಸ್ಪಷ್ಟಪಡಿಸುತ್ತದೆ. ಇಲಿಗಳಿಗೆ ಎರಡು ಬಗೆಯ ಸ್ವರಗಳನ್ನು ಕೇಳಿಸಿ, ಒಂದರ ಜೊತೆ ಮಾತ್ರ ವಿದ್ಯುತ್ತಿನ ಚುರುಕು ತಾಗಿಸಲಾಯಿತು. ಚುರುಕು ಸೌಮ್ಯವಾಗಿದ್ದಾಗ ಇಲಿಗಳು ಆ ಒಂದು ಸ್ವರಕ್ಕೆ ಮಾತ್ರ ಅಂಜಿದವು. ಚುರುಕು ತೀವ್ರವಾದಾಗ ನಿರಪಾಯಕರವಾದ ಎರಡನೆಯ ಸ್ವರಕ್ಕೂ ಅಂಜತೊಡಗಿದವು. ಅಮಿಗ್ಡಲಾದ ನರಕೋಶಗಳೂ ಹಾಗೆಯೇ, ಮೊದಲು ಬೇರ್ಪಡಿಸಿ ನೋಡುತ್ತಿದ್ದ ಎರಡು ಸ್ವರಗಳನ್ನು ಒಂದೇ ಎಂಬಂತೆ ಕಾಣತೊಡಗಿದವು. ಮನುಷ್ಯರಲ್ಲಿಯೂ ಪೆಟ್ಟು ಬಲವಾದಷ್ಟು ವಿವೇಚನೆಯ ಗೆರೆ ಅಳಿಸಿಹೋಗುವುದನ್ನು ನಾವು ಕಾಣುತ್ತೇವೆ. ಒಂದು ಬಸ್ಸಿನ ಭಯ ಎಲ್ಲ ಬಸ್ಸುಗಳ ಭಯವಾಗುತ್ತದೆ. ಒಂದು ನಾಲೆಯ ಭಯ ಎಲ್ಲ ನೀರಿನ ಭಯವಾಗುತ್ತದೆ. ಕೊನೆಗೆ ಮನೆಯ ಹೊಸ್ತಿಲು ದಾಟುವುದೇ ಭಯವಾಗುತ್ತದೆ.

ಗಣಾರಾಧನೆಯ ಅನಂತರ

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಸಾವು ಅಥವಾ ದುರಂತ ಸಂಭವಿಸಿದ ಮನೆಗೆ ಸಮುದಾಯವೇ ಧಾವಿಸುತ್ತದೆ. ಮೊದಲ ದಿನ ಊರಿಗೆ ಊರೇ ಇರುತ್ತದೆ. ಅವರವರ ಪದ್ಧತಿಯಂತೆ ಐದನೆಯ, ಒಂಬತ್ತನೆಯ ಅಥವಾ ಹನ್ನೊಂದನೆಯ ದಿನ ಶಿವಗಣಾರಾಧನೆ ನಡೆಯುತ್ತದೆ. ಜಂಗಮರು ಬರುತ್ತಾರೆ, ಪ್ರಸಾದವಾಗುತ್ತದೆ, ಬಂಧುಗಳು ಸಮಾಧಾನ ಹೇಳುತ್ತಾರೆ. ಇದು ನಮ್ಮ ಪರಂಪರೆಯ ದೊಡ್ಡ ಸಂಪತ್ತು. ಆದರೆ ಅದರ ಮರುದಿನ ಮನೆ ಖಾಲಿಯಾಗುತ್ತದೆ. 'ಇನ್ನು ಎಲ್ಲ ಸರಿಹೋಗುತ್ತದೆ' ಎಂದು ನಾವು ಹೊರಡುತ್ತೇವೆ.

ಮಿದುಳಿನ ಪಂಚಾಂಗ ಬೇರೆ. ಚಟ್ಟರ್ಜಿಯವರ ತಂಡ 2005ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಇಲಿಗಳನ್ನು ಒಮ್ಮೆ ಮಾತ್ರ ಎರಡು ಗಂಟೆಗಳ ಕಾಲ ಅಲುಗಾಡದಂತೆ ಕಟ್ಟಿಹಾಕಿ ತೀವ್ರ ಒತ್ತಡಕ್ಕೆ ಗುರಿಪಡಿಸಲಾಗಿತ್ತು. ಮರುದಿನ ಪರೀಕ್ಷಿಸಿದಾಗ ಅಮಿಗ್ಡಲಾದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಹತ್ತು ದಿನಗಳ ಅನಂತರ ನೋಡಿದರೆ ನರಕೋಶಗಳ ಕೊಂಬೆಗಳ ಮೇಲೆ ಸಂಧಿಸ್ಥಾನಗಳಾಗುವ ಸೂಕ್ಷ್ಮ ಮುಳ್ಳುಗಳು ಹೆಚ್ಚಾಗಿದ್ದವು. ಇಲಿಗಳ ಆತಂಕವೂ ಹೆಚ್ಚಾಗಿತ್ತು. ಪೆಟ್ಟು ಒಂದೇ ದಿನದ್ದು; ಅದರ ಬೆಳೆ ಮೇಲೆದ್ದದ್ದು ಹತ್ತು ದಿನಗಳ ಮೇಲೆ.

ಒತ್ತಡ ದಿನವೂ ಮರುಕಳಿಸಿದರೆ ಏನಾಗುತ್ತದೆ ಎಂಬುದನ್ನು ಇದೇ ತಂಡ 2002ರಲ್ಲಿ ತೋರಿಸಿತ್ತು. ನೆನಪು ಮತ್ತು ಸ್ಥಳಜ್ಞಾನಕ್ಕೆ ಆಧಾರವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ನರಕೋಶಗಳ ಕೊಂಬೆಗಳು ಕುಗ್ಗಿದ್ದವು; ಅಮಿಗ್ಡಲಾದಲ್ಲಿ ಅದಕ್ಕೆ ವಿರುದ್ಧವಾಗಿ ಬೆಳೆದಿದ್ದವು. 2004ರ ಅಧ್ಯಯನದಲ್ಲಿ ಇಲಿಗಳಿಗೆ 21 ದಿನಗಳ ವಿಶ್ರಾಂತಿ ನೀಡಿದರೂ ಅಮಿಗ್ಡಲಾದ ಆ ಬೆಳವಣಿಗೆ ಹಾಗೆಯೇ ಉಳಿದಿತ್ತು. 'ಕಾಲವೇ ಎಲ್ಲವನ್ನೂ ಮಾಯಿಸುತ್ತದೆ' ಎಂಬ ನಮ್ಮ ನಂಬಿಕೆ ಅಮಿಗ್ಡಲಾದ ಮಟ್ಟಿಗೆ ಪೂರ್ತಿ ನಿಜವಲ್ಲ.

ಇಲಿಯ ಮಿದುಳಿನಲ್ಲಿ ಕಂಡದ್ದನ್ನು ಹಾಗೆಯೇ ಮನುಷ್ಯನ ಮೇಲೆ ಹೇರಲಾಗದು ಎಂಬ ಆಕ್ಷೇಪ ನ್ಯಾಯವಾದುದೇ. ಹತ್ತು ದಿನ ಎಂಬ ಲೆಕ್ಕ ಇಲಿಯದು, ನಮ್ಮದಲ್ಲ. ಆದರೆ ಭಯದ ಪರಿಣಾಮ ತಡವಾಗಿ ತಲೆಯೆತ್ತಬಲ್ಲದು ಎಂಬುದು ಮನುಷ್ಯರ ವಿಷಯದಲ್ಲಿಯೂ ವೈದ್ಯರ ಅನುಭವ. ಆಘಾತದ ಅನಂತರದ ಮೊದಲ ವಾರಗಳಲ್ಲಿ ನಿದ್ರೆಗೆಡುವುದು, ಬೆಚ್ಚುವುದು ಸಹಜ, ಬಹುತೇಕರು ಚೇತರಿಸಿಕೊಳ್ಳುತ್ತಾರೆ. ಲಕ್ಷಣಗಳು ಒಂದು ತಿಂಗಳು ಮೀರಿ ಉಳಿದು ದಿನನಿತ್ಯದ ಬದುಕನ್ನು ಕೆಡಿಸಿದಾಗ ಮಾತ್ರ ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎಂದು ವೈದ್ಯಶಾಸ್ತ್ರ ಗುರುತಿಸುತ್ತದೆ. ಕೆಲವರಲ್ಲಿ ಅದು ಅನೇಕ ತಿಂಗಳುಗಳ ಮೇಲೆ ಪೂರ್ಣರೂಪದಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಅಂದರೆ ಯಾರಿಗೆ ನಮ್ಮ ನೆರವು ನಿಜವಾಗಿ ಬೇಕೋ ಅವರು ಕಣ್ಣಿಗೆ ಬೀಳುವ ಹೊತ್ತಿಗೆ ನಾವು ಆ ಮನೆಯನ್ನು ಬಿಟ್ಟು ಬಂದಿರುತ್ತೇವೆ.

ಅಳಿಸುವುದಲ್ಲ, ಹೊಸದನ್ನು ಬರೆಯುವುದು

ಭಯದ ಪಾಠವನ್ನು ಮರೆಸುವ ಬಗೆ ಹೇಗೆ? ಇಲ್ಲಿಯೂ ವಿಜ್ಞಾನ ಒಂದು ಮುಖ್ಯ ಸಂಗತಿಯನ್ನು ಹೇಳುತ್ತದೆ. ಸದ್ದು ಮತ್ತೆ ಮತ್ತೆ ಕೇಳಿ, ನೋವು ಬಾರದೇ ಹೋದರೆ ಭಯ ನಿಧಾನವಾಗಿ ಇಳಿಯುತ್ತದೆ. ಆದರೆ ಹಳೆಯ ಪಾಠ ಅಳಿಸಿಹೋಗಿರುವುದಿಲ್ಲ. ಅದರ ಪಕ್ಕದಲ್ಲಿ 'ಇದು ಈಗ ಅಪಾಯವಲ್ಲ' ಎಂಬ ಹೊಸ ಪಾಠ ಬರೆಯಲ್ಪಟ್ಟಿರುತ್ತದೆ. ಹಣೆಯ ಹಿಂಭಾಗದ ಮಿದುಳಿನ ಪದರವು ಅಮಿಗ್ಡಲಾದೊಳಗಿನ ತಡೆಗೋಶಗಳನ್ನು ಎಚ್ಚರಿಸುತ್ತದೆ. ಅವು ಗಾಬಾ ಎಂಬ ರಾಸಾಯನಿಕದ ಮೂಲಕ ಭಯದ ಆಜ್ಞೆಯನ್ನು ತಡೆಹಿಡಿಯುತ್ತವೆ. ಕಾಲುವೆ ಮುಚ್ಚಿಹೋಗಿಲ್ಲ, ತೂಬನ್ನು ಇಳಿಸುವ ಕೈಯೊಂದು ಬಲಗೊಂಡಿದೆ. ಆ ಕೈ ದಣಿದಾಗ, ಹೊಸ ಜಾಗಕ್ಕೆ ಹೋದಾಗ, ದುರಂತದ ವರ್ಷದ ತಿಥಿ ಬಂದಾಗ ಹಳೆಯ ನೀರು ಮತ್ತೆ ಹರಿಯಬಹುದು. ಆಗ 'ವಾಸಿಯಾಗಿದ್ದ ರೋಗ ಮರಳಿತು' ಎಂದು ಎದೆಗುಂದಬೇಕಿಲ್ಲ.

ಇದರಿಂದ ಎರಡು ತಿಳಿವಳಿಕೆಗಳು ಹೊರಡುತ್ತವೆ. ಮೊದಲನೆಯದು, ಭಯದಿಂದ ಸದಾ ತಪ್ಪಿಸಿಕೊಂಡರೆ ಹೊಸ ಪಾಠವನ್ನು ಕಲಿಯುವ ಅವಕಾಶವೇ ಇರುವುದಿಲ್ಲ. 'ಪಾಪ, ಮಗು ಹೆದರುತ್ತದೆ' ಎಂದು ವರ್ಷಗಟ್ಟಲೆ ಬಸ್ಸಿಗೆ ಹತ್ತಿಸದಿರುವುದು ಕರುಣೆಯಂತೆ ಕಂಡರೂ ಭಯಕ್ಕೆ ಗೊಬ್ಬರ ಹಾಕಿದಂತೆ. ಎರಡನೆಯದು, ಒಮ್ಮೆಗೇ ಬಲವಂತವಾಗಿ ತಳ್ಳುವುದೂ ತಪ್ಪು. ನೀರಿಗೆ ಹೆದರುವವನನ್ನು ನೀರಿಗೆ ನೂಕಿದರೆ ಅವನು ಕಲಿಯುವುದು ಧೈರ್ಯವನ್ನಲ್ಲ, ಇನ್ನೊಂದು ಭಯವನ್ನು. ಮೊದಲು ನಿಂತ ಬಸ್ಸಿನಲ್ಲಿ ತಾಯಿಯ ಜೊತೆ ಕುಳಿತಿರುವುದು, ಅನಂತರ ಒಂದು ನಿಲ್ದಾಣದವರೆಗೆ ಹೋಗುವುದು, ಆಮೇಲೆ ನಾಲೆಯ ದಾರಿಯಲ್ಲಿ ಹಗಲಿನಲ್ಲಿ ಸಾಗುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವುದೇ ಸರಿಯಾದ ಕ್ರಮ. ಭಯ ತೀವ್ರವಾಗಿದ್ದರೆ ಈ ಮೆಟ್ಟಿಲುಗಳನ್ನು ತರಬೇತಿ ಪಡೆದ ಮನಶ್ಶಾಸ್ತ್ರಜ್ಞರ ನೆರವಿನಿಂದಲೇ ಹತ್ತಬೇಕು.

ಪೂಜೆಯ ಸ್ಥಾನವೇನು ಎಂಬ ಪ್ರಶ್ನೆ ಭಕ್ತರಲ್ಲಿ ಏಳುವುದು ಸಹಜ. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ದೃಷ್ಟಿ ನಿಲ್ಲಿಸಿ ಕುಳಿತಾಗ ಉಸಿರು ನಿಧಾನವಾಗುತ್ತದೆ. ಉಸಿರು ನಿಧಾನವಾದರೆ ಎದೆಬಡಿತವೂ ಇಳಿಯುತ್ತದೆ. ಕಂಗೆಟ್ಟ ದೇಹಕ್ಕೆ ಇದು ನಿಜವಾದ ಉಪಕಾರ. ಆದರೆ ಪೂಜೆಯನ್ನು ಚಿಕಿತ್ಸೆಗೆ ಎದುರಾಗಿ ನಿಲ್ಲಿಸುವುದು ಸಲ್ಲದು. ಮೂಳೆ ಮುರಿದಾಗ ಪೂಜೆಯನ್ನೂ ಬಿಡುವುದಿಲ್ಲ, ಮೂಳೆ ಕೂಡಿಸುವ ವೈದ್ಯರನ್ನೂ ಬಿಡುವುದಿಲ್ಲ. ಭೂತಪ್ರೇತಗಳ ಅಂಜಿಕೆಯಿಂದ ಜನರನ್ನು ಬಿಡಿಸಿ ಅರಿವಿನ ಕಡೆಗೆ ಕರೆದೊಯ್ದ ಬಸವಾದಿ ಶರಣರ ಅನುಯಾಯಿಗಳು, ಹೆದರಿದ ಮನುಷ್ಯನನ್ನು ಗಾಳಿ ಬಿಡಿಸುವವನ ಮುಂದೆ ಕೂರಿಸುವುದು ಆ ಪರಂಪರೆಗೆ ಒಪ್ಪುವ ನಡೆಯಲ್ಲ.

ನಮ್ಮಿಂದ ಆಗಬೇಕಾದುದು

ದುರಂತದ ಮೊದಲ ದಿನಗಳಲ್ಲಿ ಹೆದರಿದವರನ್ನು 'ಏನಾಯಿತು ಹೇಳು' ಎಂದು ಬಲವಂತಪಡಿಸಬೇಡಿ. ಬಂದವರಿಗೆಲ್ಲ ಅದೇ ಕಥೆಯನ್ನು ಹೇಳಿಸುವುದರಿಂದ ಉಪಕಾರವಿಲ್ಲ, ಹಾನಿಯೂ ಆಗಬಹುದು. ತಾವಾಗಿ ಹೇಳಿದರೆ ತಾಳ್ಮೆಯಿಂದ ಕೇಳಿ. ಊಟ, ನಿದ್ರೆ, ಆತ್ಮೀಯರ ಸಾಮೀಪ್ಯ, ಸುರಕ್ಷಿತವಾದ ಜಾಗ, ಇವು ಆಗಿನ ಔಷಧಿಗಳು. ಮೊಬೈಲಿನಲ್ಲಿ ಅಪಘಾತದ ದೃಶ್ಯಗಳನ್ನು ಮನೆಮಂದಿಗೆ ತೋರಿಸುವುದನ್ನು ನಿಲ್ಲಿಸಿ. ಅಂಗಡಿಯಿಂದ ನಿದ್ರೆ ಮಾತ್ರೆ ತಂದು ಕೊಡಬೇಡಿ. ನೋವು ಮರೆಯಲೆಂದು ಗಂಡಸರ ಕೈಗೆ ಮದ್ಯದ ಲೋಟ ಕೊಡುವವರು ಅವರ ಹಿತೈಷಿಗಳಲ್ಲ.

ಬಳಿಕ, ಸರಿಯಾಗಿ ಒಂದು ತಿಂಗಳಿಗೆ, ಆ ಮನೆಗೆ ಮತ್ತೊಮ್ಮೆ ಹೋಗಿ. ಇದೇ ಈ ಲೇಖನದ ಮುಖ್ಯ ಬಿನ್ನಹ. ಪ್ರತಿ ಊರಿನ ಅಕ್ಕನ ಬಳಗ ಮತ್ತು ಮಠದ ಭಕ್ತಮಂಡಳಿಗಳು ಈ ತಿಂಗಳ ಭೇಟಿಯನ್ನು ಗಣಾರಾಧನೆಯಷ್ಟೇ ಕಡ್ಡಾಯವಾದ ದಾಸೋಹವೆಂದು ಸ್ವೀಕರಿಸಬೇಕು. ಮೂರು ತಿಂಗಳಿಗೆ ಇನ್ನೊಮ್ಮೆ ಹೋಗಬೇಕು. ಹೋದಾಗ ಉಪದೇಶ ಬೇಡ. ನಿದ್ರೆ ಬರುತ್ತಿದೆಯೇ, ಕೆಟ್ಟ ಕನಸು ಬೀಳುತ್ತಿದೆಯೇ, ಆ ದಾರಿಯಲ್ಲಿ ಓಡಾಡುತ್ತಿದ್ದೀರಾ, ಸಣ್ಣ ಸದ್ದಿಗೆ ಬೆಚ್ಚುತ್ತೀರಾ, ಕೆಲಸಕ್ಕೆ ಹೋಗುತ್ತಿದ್ದೀರಾ ಎಂದು ಕೇಳಿದರೆ ಸಾಕು. ಮಕ್ಕಳಲ್ಲಿ ಲಕ್ಷಣಗಳು ಬೇರೆಯಾಗಿರುತ್ತವೆ. ನಿಲ್ಲಿಸಿದ್ದ ಹಾಸಿಗೆಯಲ್ಲಿ ಮೂತ್ರ ಮಾಡುವ ಅಭ್ಯಾಸ ಮರಳುವುದು, ತಾಯಿಯನ್ನು ಬಿಟ್ಟಿರದಿರುವುದು, ಶಾಲೆಗೆ ಹೋಗಲೊಲ್ಲೆ ಎನ್ನುವುದು, ಆಟದಲ್ಲಿ ಅಪಘಾತವನ್ನೇ ಮತ್ತೆ ಮತ್ತೆ ಆಡುವುದು. ಇವನ್ನು ಹಟವೆಂದು ದಂಡಿಸಬಾರದು.

ಇಂಥ ಲಕ್ಷಣಗಳು ಕಂಡರೆ ದಾರಿ ದೂರವಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರ ಸೇವೆ ಒದಗಿಸುವ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮವಿದೆ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮನೋವೈದ್ಯ ವಿಭಾಗವಿದೆ. ಮನೆಯಿಂದಲೇ ಮಾತನಾಡಬಯಸುವವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ. ಮನೋವೈದ್ಯರ ಬಳಿಗೆ ಹೋದವರನ್ನು ಹುಚ್ಚರೆಂದು ಆಡಿಕೊಳ್ಳುವ ನಾಲಗೆಗಳು ನಮ್ಮ ಊರುಗಳಲ್ಲಿವೆ. ಆ ನಾಲಗೆಗಳಿಗೆ ಹೆದರಿ ಚಿಕಿತ್ಸೆ ತಪ್ಪಿಸಿಕೊಂಡವರ ನೋವಿನಲ್ಲಿ ಆಡಿಕೊಂಡವರಿಗೂ ಪಾಲಿದೆ.

ಭಯವನ್ನು ಕಲಿಯಲು ಮಿದುಳಿಗೆ ಒಂದು ಕ್ಷಣ ಸಾಕು. ಅಭಯವನ್ನು ಕಲಿಯಲು ತಿಂಗಳುಗಳು ಬೇಕು, ಜೊತೆಗೆ ಕೈ ಹಿಡಿದು ನಡೆಯುವ ಇನ್ನೊಬ್ಬರು ಬೇಕು. ಈ ತಿಂಗಳು ನಿಮ್ಮ ಊರಿನಲ್ಲಿ ಅಂಥ ಮನೆ ಯಾವುದಿದೆ ಎಂದು ಒಮ್ಮೆ ನೆನೆದುನೋಡಿ, ಶರಣ ಬಂಧುಗಳೇ. ಗಣಾರಾಧನೆ ಮುಗಿದು ಬಹಳ ದಿನಗಳಾಗಿದ್ದರೆ, ಹೋಗಿಬರಲು ಅದೇ ತಕ್ಕ ಕಾಲ.